ಡ್ರಮ್ಮು ನಾರುತ್ತಿದೆ, ಅತ್ತೆ ಎಸೆ ಎನ್ನುತ್ತಿದ್ದಾರೆ: ಹಸಿ ಕಸ ಮನೆಯಲ್ಲೇ ಉಳಿಸಿಕೊಂಡವರು ದಯವಿಟ್ಟು ಬನ್ನಿ

ಮೂಲಿಮನಿ, ಧಾರವಾಡ

ನಮಸ್ಕಾರ. ಸಲಹೆ ಬೇಕು, ಸ್ವಲ್ಪ ತುರ್ತಾಗಿ. ಮೊದಲು ಕಥೆ ಹೇಳಿಬಿಡುತ್ತೇನೆ.

ಎರಡು ವರ್ಷದಿಂದ ಹಸಿ ಕಸ ಒಂದು ಬಕೆಟ್ಟಿಗೆ, ಒಣ ಕಸ ಒಂದು ಬಕೆಟ್ಟಿಗೆ ಹಾಕುತ್ತಿದ್ದೆ. ಯುಗಾದಿ ಆದ ಮೇಲೆ ಒಂದು ದಿನ ಕಸದ ಗಾಡಿಯ ಹಿಂದೆಯೇ ನಿಂತು ನೋಡಿದೆ. ಎರಡೂ ಬಕೆಟ್ಟು ಒಂದೇ ಕಡೆ ಸುರಿದರು. ಬದನೆಕಾಯಿ ತೊಟ್ಟಿನ ಮೇಲೆ ನಾನು ತೊಳೆದು ಒಣಗಿಸಿದ ಹಾಲಿನ ಪಾಕೀಟು ಹೋಗಿ ಬಿತ್ತು. "ಬ್ಯಾರೆ ಮಾಡಿ ಕೊಟ್ಟೇನಲ್ಲೋ ತಮ್ಮಾ" ಎಂದೆ. "ಗಾಡ್ಯಾಗ ನಡಬರಕಿನ ತಗಡ ಮುರದೈತ್ರಿ ಅಕ್ಕಾರ, ನಾ ಏನ ಮಾಡ್ಲಿ" ಎಂದ. ಅವನನ್ನು ಬೈದು ಏನು ಬಂತು? ನಾವು ಚಹಾ ಕುಡಿಯುವ ಹೊತ್ತಿಗೆ ನಾಲ್ಕು ಓಣಿ ಮುಗಿಸಿರುತ್ತಾನೆ ಪಾಪ.

ಆ ಸಿಟ್ಟಿನಲ್ಲೇ ತೀರ್ಮಾನ ಮಾಡಿದೆ, ಹಸಿ ಕಸ ಇನ್ನು ನಮ್ಮ ಗೇಟು ದಾಟುವುದಿಲ್ಲ ಅಂತ. ನಳ ವಾರಕ್ಕೊಮ್ಮೆ ಬರುತ್ತಿದ್ದ ಕಾಲದ ಡ್ರಮ್ಮುಗಳು ನಮ್ಮೂರಲ್ಲಿ ಯಾರ ಮನೆಯಲ್ಲಿ ಇಲ್ಲ ಹೇಳಿ. ಗೊಬ್ಬರ ಮಾಡೋಣ ಅಂತ ಅದರಲ್ಲೊಂದು 60 ಲೀಟರಿನದು ತಗೊಂಡು ಸುತ್ತ ತೂತು ಹೊಡೆಸಿದೆ. ಅಡಿಗೆ ಎರಡು ಇಟ್ಟಿಗೆ ಇಟ್ಟು ಹಿತ್ತಲಲ್ಲಿ ಕೂರಿಸಿದೆ. ಕಾಯಿಪಲ್ಯೆ ಸಿಪ್ಪೆ, ಚಹಾ ಚರಟ, ಉಳಿದ ಅನ್ನ, ಸಾರು, ಎಲ್ಲ ಅದರೊಳಗೆ. ಮೇಲೆ ದಿನಾ ಒಂದು ಬೊಗಸೆ ಮಣ್ಣು.

ಎರಡು ವಾರ ಚೆನ್ನಾಗಿತ್ತು. ಈಗ ಮಳೆ ಶುರುವಾದ ಮೇಲೆ ಕೊಳೆತ ತತ್ತಿಯ ವಾಸನೆ. ಮುಚ್ಚಳ ತೆಗೆದರೆ ಬೆರಳಿನ ಅರ್ಧ ಉದ್ದದ ಹುಳ ಕುದಿಯುತ್ತಿವೆ. ಅತ್ತೆ ಎರಡು ದಿನದಿಂದ ಹಿತ್ತಲ ಬಾಗಿಲೇ ತೆಗೆದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯೊಳಗೆ ಇದನ್ನು ಸರಿ ಮಾಡು, ಇಲ್ಲ ಎಸೆ ಎಂದು ಗಡುವು ಕೊಟ್ಟಿದ್ದಾರೆ. ಏನು ಮಾಡಲಿ?

ಸಂಜಿ ಗಿರಮಿಟ್, ಹುಬ್ಬಳ್ಳಿ

ಒಂದು ಮುಚ್ಚಳ ಫಿನಾಯಿಲ್ ಹಾಕಿ. ವಾಸನೆನೂ ಹೋಗುತ್ತದೆ, ಹುಳನೂ ಸಾಯುತ್ತವೆ.

ಎರಿಹೊಲ, ಅಣ್ಣಿಗೇರಿ ಕಡೆ

ಗಿರಮಿಟ್ ಅವರೇ, ಬೇಡ. ಕಸವನ್ನು ಗೊಬ್ಬರ ಮಾಡುವುದೇ ಕಣ್ಣಿಗೆ ಕಾಣದ ಜೀವಿಗಳು. ಫಿನಾಯಿಲ್ ಹಾಕಿದರೆ ಅವೂ ಸಾಯುತ್ತವೆ. ಆಮೇಲೆ ಉಳಿಯುವುದು ಫಿನಾಯಿಲ್ ವಾಸನೆಯ ಕಸ.

ಮೂಲಿಮನಿ ಅಕ್ಕಾ, ಎರಡು ಪ್ರಶ್ನೆ. ಹಾಕಿದ ಮಣ್ಣು ಎಲ್ಲಿಯದು? ಒಳಗಿನದನ್ನು ಒಂದು ಮುಷ್ಟಿ ತಗೊಂಡು ಹಿಂಡಿದರೆ ಏನಾಗುತ್ತದೆ? ಅಸಹ್ಯ ಪಡಬೇಡಿ, ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಹಿಂಡಿ.

ಮೂಲಿಮನಿ, ಧಾರವಾಡ

ಹಿಂಡಿದೆ. ಬೆರಳ ಸಂದಿಯಿಂದ ಕರೀ ನೀರು ಧಾರೆಯಾಗಿ ಬಂತು. ಕೈ ಮೂರು ಸಲ ತೊಳೆದರೂ ವಾಸನೆ ಹೋಗಿಲ್ಲ.

ಮಣ್ಣು ನಿಮ್ಮ ಕಡೆಯದೇ. ಮಾವನ ತಮ್ಮನ ಹೊಲದಿಂದ ಎರಡು ಚೀಲ ಎರೆ ಮಣ್ಣು ತರಿಸಿದ್ದೆ. ಒಳ್ಳೇ ಫಲವತ್ತಾದ ಮಣ್ಣು ಅಂತ.

ಎರಿಹೊಲ, ಅಣ್ಣಿಗೇರಿ ಕಡೆ

ಅಲ್ಲೇ ತಪ್ಪಿದ್ದು. ಎರೆ ಮಣ್ಣು ಕಡಲೆ, ಹತ್ತಿ, ಬಿಳಿಜೋಳಕ್ಕೆ ಬಂಗಾರ. ಡ್ರಮ್ಮಿಗೆ ಶತ್ರು. ಮಳೆಗಾಲದಲ್ಲಿ ನಮ್ಮ ಹೊಲದಲ್ಲಿ ನಡೆದು ನೋಡಿ, ಚಪ್ಪಲಿ ಒಂದೊಂದು ಕಿಲೋ ತೂಗುತ್ತದೆ. ನೀರು ಕುಡಿದು ಉಬ್ಬಿ ಮೇಣದ ಹಾಗೆ ಅಂಟಿಕೊಳ್ಳುವ ಮಣ್ಣು ಅದು. ನೀವು ದಿನಾ ಒಂದು ಪದರ ಮೇಣ ಬಳಿದಿದ್ದೀರಿ. ಒಳಗೆ ಗಾಳಿ ಎಲ್ಲಿಂದ ಬರಬೇಕು?

ಕಸ ಎರಡು ರೀತಿ ಕೊಳೆಯುತ್ತದೆ. ಗಾಳಿ ಇದ್ದರೆ ಬಿಸಿಯಾಗಿ, ಕುಗ್ಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಗಾಳಿ ಇಲ್ಲದಿದ್ದರೆ ಗಟಾರ. ಕೊಳೆತ ತತ್ತಿಯ ವಾಸನೆ ಎಂದಿರಲ್ಲ, ಅದು ಗಾಳಿ ಇಲ್ಲ ಎನ್ನುವ ಗುರುತು. ಮೂಗಿಗೆ ಚುರ್ ಎನ್ನುವ, ದನದ ಗಂಜಲದಂಥ ವಾಸನೆ ಬಂದರೆ ಹಸಿದು ಜಾಸ್ತಿ ಆಗಿ ಒಣದು ಕಡಿಮೆ ಆಗಿದೆ ಎಂದು ಅರ್ಥ. ಎರಡಕ್ಕೂ ಮದ್ದು ಒಂದೇ. ಒಣ ಎಲೆ, ಒಣ ಕಡ್ಡಿ.

ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಸಾರಜನಕ 1 ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಇರಬೇಕು ಎಂದು ಲೆಕ್ಕ. ಅಡುಗೆಮನೆಯಲ್ಲಿ ನಿಂತು ಅದನ್ನು ಅಳೆಯಲು ಆಗುವುದಿಲ್ಲ. ಒಂದು ಡಬ್ಬಿ ಹಸಿ ಕಸಕ್ಕೆ ಅದೇ ಡಬ್ಬಿಯಲ್ಲಿ ಎರಡು ಡಬ್ಬಿ ಒಣದು, ಇಷ್ಟೇ ನೆನಪಿಡಿ.

ಇವತ್ತು ಸಂಜೆ ಇಡೀ ಡ್ರಮ್ಮನ್ನು ತಾಡಪತ್ರಿಯ ಮೇಲೆ ಸುರಿಯಿರಿ. ಮಣ್ಣಿನ ಹೆಂಟೆ ಆರಿಸಿ ತೆಗೆಯಿರಿ. ಒಣ ಕಸ ಕಲಸಿ ಮತ್ತೆ ತುಂಬಿ. ಹಿಂಡಿದರೆ ಒಂದೆರಡು ಹನಿ ಬರಬೇಕು, ಒಗೆದು ಹಿಂಡಿದ ಅರಿವೆಯ ಹಾಗೆ. ಅಷ್ಟು ಹಸಿ ಸಾಕು. ಸಾರು ಸುರಿಯುವುದನ್ನು ಇವತ್ತೇ ನಿಲ್ಲಿಸಿ.

ಹುಳದ ಬಗ್ಗೆ ಹೆದರಬೇಡಿ. ದಪ್ಪಗೆ, ಚಪ್ಪಟೆಯಾಗಿ, ಬೂದು ಬಣ್ಣದಲ್ಲಿ ಇದ್ದರೆ ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಮನೆ ನೊಣದ ಜಾತಿ ಅಲ್ಲ. ದೊಡ್ಡ ನೊಣ ಆದ ಮೇಲೆ ಅದು ಊಟದ ತಾಟಿನ ಮೇಲೆ ಬಂದು ಕೂರುವುದಿಲ್ಲ. ಮರಿ ಇದ್ದಾಗ ಕಸವನ್ನು ಗಬಗಬ ತಿನ್ನುತ್ತದೆ. ಡ್ರಮ್ಮು ಒಣಗುತ್ತಾ ಬಂದ ಹಾಗೆ ತಾವೇ ಕಡಿಮೆ ಆಗುತ್ತವೆ.

ಮೂಲಿಮನಿ, ಧಾರವಾಡ

ಎಷ್ಟು ಚೆನ್ನಾಗಿ ಹೇಳಿದಿರಿ. ಆದರೆ ಅಣ್ಣಾ, ಈ ಮಳೆಯಲ್ಲಿ ಒಣ ಎಲೆ ಎಲ್ಲಿಂದ ತರಲಿ? ಧಾರವಾಡದ ಜಿಟಿಜಿಟಿ ನಿಮಗೆ ಗೊತ್ತಲ್ಲ. ಪಾಪಡ್ ಒಣಗಿಸಲು ಜಾಗ ಇಲ್ಲ ಇಲ್ಲಿ.

ಎರಿಹೊಲ, ಅಣ್ಣಿಗೇರಿ ಕಡೆ

ಅದು ನಿಜವಾದ ಪ್ರಶ್ನೆ. ಎಲೆ ಕೂಡಿಡಬೇಕಾದ್ದು ಯುಗಾದಿಗೆ ಮೊದಲು, ಬೇವು ಉದುರುವಾಗ. ಆಗ ಓಣಿ ತುಂಬಾ ಇರುತ್ತದೆ, ಜನ ಗುಡಿಸಿ ಬೆಂಕಿ ಹಚ್ಚುತ್ತಾರೆ. ಬರುವ ವರ್ಷ ನಾಲ್ಕು ಗೋಣಿಚೀಲ ತುಂಬಿ ಇಡಿ.

ಈಗಿನ ಮಟ್ಟಿಗೆ ತತ್ತಿ ಟ್ರೇ ಹರಿದು ಹಾಕಿ. ರಟ್ಟಿನ ಡಬ್ಬಿ ಹರಿದು ಹಾಕಿ, ಟೇಪು ಕಿತ್ತು. ಜೋಳದ ಕಣಿಕಿ ಸಿಕ್ಕರೆ ಕತ್ತರಿಸಿ ಹಾಕಿ, ಅದಕ್ಕಿಂತ ಒಳ್ಳೇದು ಇಲ್ಲ. ಸಾಮಿಲ್ ಹೊಟ್ಟು ಆಗಬಹುದು, ಆದರೆ ಕಟ್ಟಿಗೆಯದು ಇರಬೇಕು. ಪ್ಲೈವುಡ್ ಕೊಯ್ದ ಪುಡಿಯಲ್ಲಿ ಅಂಟಿನ ರಸಾಯನ ಇರುತ್ತದೆ, ಅದು ಬೇಡ. ಹೊಟ್ಟು ನುಣ್ಣಗೆ ಇದ್ದರೆ ಅದೂ ಕೂತುಬಿಡುತ್ತದೆ, ಜೊತೆಗೆ ರಟ್ಟು ಬೆರೆಸಿ.

ಒಂದು ಸೌಟು ಹುಳಿ ಮಜ್ಜಿಗೆ ಅಥವಾ ಒಂದು ಮುಷ್ಟಿ ಸಗಣಿ ನೀರಲ್ಲಿ ಕದಡಿ ಚಿಮುಕಿಸಿದರೆ ಕೆಲಸ ಬೇಗ ಶುರುವಾಗುತ್ತದೆ.

ನಮ್ಮ ಮನೆ ತಿಪ್ಪೆ ಎಂದೂ ಹೀಗೆ ನಾರುತ್ತಿರಲಿಲ್ಲ. ಎತ್ತು ತಿಂದು ಬಿಟ್ಟ ಕಣಿಕಿ ಚೂರು ಸಗಣಿ ಜೊತೆ ದಿನಾ ಹೋಗಿ ಬೀಳುತ್ತಿತ್ತು. ಒಂದಕ್ಕೆ ಎರಡು ಅಂತ ಯಾರೂ ಲೆಕ್ಕ ಹೇಳಿಕೊಟ್ಟಿರಲಿಲ್ಲ. ಮುಸುರೆ ಎಮ್ಮೆಗೆ, ಉಳಿದ ರೊಟ್ಟಿ ನಾಯಿಗೆ. ದೀಪಾವಳಿಗೆ ಅವ್ವ ತಿಪ್ಪೆಯ ಮೇಲೂ ಒಂದು ದೀಪ ಇಡುತ್ತಿದ್ದಳು.

ಅನುಮಾನದ ಕಾಕಾ, ಹುಬ್ಬಳ್ಳಿ

ಎಲ್ಲ ಓದಿದೆ. ಒಂದು ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಅವಳಿನಗರದಲ್ಲಿ 82 ವಾರ್ಡು. 2011ರ ಜನಗಣತಿಯಲ್ಲೇ 9 ಲಕ್ಷ 40 ಸಾವಿರ ದಾಟಿದ ಜನ. ಕಾರವಾರ ರಸ್ತೆಯ ಕಸದ ಗುಡ್ಡ ನೋಡಿದ್ದೀರಾ? ನಿಮ್ಮ ಕಡೆ ಹೊಸಯಲ್ಲಾಪುರದ್ದು? ಅದರ ಮುಂದೆ 60 ಲೀಟರಿನ ಡ್ರಮ್ಮು ಯಾವ ಲೆಕ್ಕ? ಕರ ಕಟ್ಟುತ್ತೇವೆ, ಕಸ ಒಯ್ಯುವುದು ಅವರ ಕೆಲಸ. ಸುಮ್ನೆ ಮನೆಯಲ್ಲಿ ಹುಳ ಸಾಕಿಕೊಂಡು ಅತ್ತೆ ಹತ್ತಿರ ಬೈಸಿಕೊಳ್ಳುವುದು ಯಾಕೆ?

ಮೂರನೇ ಮಹಡಿ, ಹುಬ್ಬಳ್ಳಿ

ಕಾಕಾ, ಒಯ್ಯುವುದು ಅವರ ಕೆಲಸ ಹೌದು. ಬೇರೆ ಮಾಡಿ ಕೊಡುವುದು ನಮ್ಮ ಕೆಲಸ ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಬಂದಿತ್ತು. ಆಗ ಹಸಿ, ಒಣ, ಅಪಾಯದ ಕಸ ಅಂತ ಮೂರು ಪಾಲು ಹೇಳಿದ್ದರು. ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಇದನ್ನು ಓದಿ ಹೇಳಿದ್ದೆ. ಎಲ್ಲರೂ ಚಪ್ಪಾಳೆ ಹೊಡೆದರು. ಮರುದಿನ ಎಲ್ಲರ ಕಸ ಒಂದೇ ಕರೀ ಚೀಲದಲ್ಲಿ.

ರದ್ದಿ ಅಂಗಡಿ ಹುಡುಗ, ಹುಬ್ಬಳ್ಳಿ

ಅನುಮಾನದ ಕಾಕಾ ಅವರಿಗೆ ನಾನು ಉತ್ತರ ಕೊಡುತ್ತೇನೆ. ನಮ್ಮದು ಮೂರು ತಲೆಮಾರಿನ ರದ್ದಿ, ಗುಜರಿ ವ್ಯಾಪಾರ. ನಾನು ಕಾಲೇಜಿಗೆ ಹೋದದ್ದು ಇದೇ ದುಡ್ಡಿನಲ್ಲಿ.

ಗುಡ್ಡ ಆಗಿದ್ದು ಯಾಕೆ ಗೊತ್ತಾ? ಹಸಿ ಕಸ ಒಣ ಕಸದ ಜೊತೆ ಸೇರಿದ್ದಕ್ಕೆ. ಮನೆ ಕಸದಲ್ಲಿ ತೂಕದ ಅರ್ಧಕ್ಕಿಂತ ಜಾಸ್ತಿ ಹಸಿ ಇರುತ್ತದೆ. ಅದೊಂದು ಹೊರಗೆ ಬರದಿದ್ದರೆ ಉಳಿದಿದ್ದರಲ್ಲಿ ಎಷ್ಟೋ ಮಾಲು. ಮಾಲು ಅಂದರೆ ಮಾರುವಂಥದ್ದು. ಸಾರು ಚೆಲ್ಲಿದ ಪೇಪರು ನಾವು ತಗೊಳ್ಳುವುದಿಲ್ಲ, ನಾವು ತಗೊಂಡರೂ ಮುಂದಿನವನು ತಗೊಳ್ಳುವುದಿಲ್ಲ. ಒಂದು ಹಸಿ ಹಾಳೆ ಇಡೀ ಕಟ್ಟಿಗೆ ಬೂಷ್ಟು ಹಿಡಿಸುತ್ತದೆ. ಅದೇ ಪೇಪರು ಒಣಗಿದ್ದರೆ ನೀವೇ ತೂಕ ನೋಡಿ ದುಡ್ಡು ಎಣಿಸಿಕೊಳ್ಳುತ್ತೀರಿ. ಕಸಕ್ಕೂ ಮಾಲಿಗೂ ಮಧ್ಯೆ ಇರುವುದು ಒಂದು ಸೌಟು ಸಾರು, ಅಷ್ಟೇ.

ನಮ್ಮಲ್ಲಿ ಒಬ್ಬ ದೊಡ್ಡವ್ವ ಇದ್ದಾರೆ, ಇಪ್ಪತ್ತೈದು ವರ್ಷದಿಂದ ಪ್ಲಾಸ್ಟಿಕ್ ಆರಿಸುತ್ತಾರೆ. ಓದಲು ಬರುವುದಿಲ್ಲ. ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 1, 2, 5 ಅಂತ ಬರೆದಿರುತ್ತಾರಲ್ಲ, ಅದನ್ನು ಅವರು ನೋಡುವುದೇ ಇಲ್ಲ. ಕೈಯಲ್ಲಿ ಹಿಚುಕಿ ಸಪ್ಪಳ ಕೇಳುತ್ತಾರೆ. ನೀರಿನ ಬಾಟ್ಲಿ ಕರಕರ ಎನ್ನುತ್ತದೆ, ಅದೊಂದು ರಾಶಿ. ಶಾಂಪೂ ಡಬ್ಬಿ ಮೆತ್ತಗೆ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತದೆ, ಅದೊಂದು. ಬಗ್ಗಿಸಿದರೆ ಚಟ್ ಅಂತ ಮುರಿಯುವುದು ಇನ್ನೊಂದು. ಅನುಮಾನ ಬಂದರೆ ಚೂರು ಮುರಿದು ನೀರಿಗೆ ಹಾಕುತ್ತಾರೆ. ನೀರಿನ ಬಾಟ್ಲಿಯ ಜಾತಿ ಮುಳುಗುತ್ತದೆ, ಅದರ ಮುಚ್ಚಳದ ಜಾತಿ ತೇಲುತ್ತದೆ. ಅದಕ್ಕೇ ಮುಚ್ಚಳ ಬೇರೆ ಮಾಡಿಯೇ ಮಾರುವುದು.

ನೀವು ಮಾಡಬೇಕಾದ್ದು ಜಾಸ್ತಿ ಇಲ್ಲ. ಹಾಲಿನ ಪಾಕೀಟು ಕತ್ತರಿಸುವಾಗ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ. ಆ ಉಗುರಿನಷ್ಟು ತುಂಡು ಯಾರ ಕೈಗೂ ಸಿಗುವುದಿಲ್ಲ, ಗಟಾರಕ್ಕೆ ಹೋಗುತ್ತದೆ. ಅರ್ಧ ಕತ್ತರಿಸಿ, ಅಲ್ಲೇ ನೇತಾಡಲಿ. ಪಾಕೀಟಿಗೆ ಒಂದು ಗುಟುಕು ನೀರು ಹಾಕಿ ಅಲ್ಲಾಡಿಸಿ. ಆ ನೀರು ಚಹಾಕ್ಕೆ ಹಾಕಿ ಅಥವಾ ಗಿಡಕ್ಕೆ. ನಲ್ಲಿಯ ಮೇಲೆ ಸಿಕ್ಕಿಸಿ ಒಣಗಿಸಿ. ತೊಳೆಯದ ಪಾಕೀಟು ಚೀಲದಲ್ಲಿ ಎರಡು ದಿನ ಇದ್ದರೆ ಏನಾಗುತ್ತದೆ ಎಂದು ತಿಳಿಯಬೇಕಿದ್ದರೆ ನಮ್ಮ ಅಂಗಡಿಯ ಹಿಂದುಗಡೆ ಬನ್ನಿ.

ನಾವು ತಗೊಳ್ಳದೇ ಇರುವುದೂ ಹೇಳಿಬಿಡುತ್ತೇನೆ. ಚಿಪ್ಸ್ ಪಾಕೀಟು, ಬಿಸ್ಕತ್ತಿನ ಹಾಳೆ, ಗುಟಕಾ ಚೀಟಿ. ಪ್ಲಾಸ್ಟಿಕ್ಕು, ಬೆಳ್ಳಿ ಬಣ್ಣದ ಪದರು ಎಲ್ಲ ಅಂಟಿಸಿ ಮಾಡಿರುತ್ತಾರೆ. ಬಿಡಿಸಲು ಆಗುವುದಿಲ್ಲ. ಥರ್ಮೋಕೋಲ್ ತೂಕವೇ ಬರುವುದಿಲ್ಲ, ಗಾಡಿ ತುಂಬಿದರೆ ಎರಡು ಕಿಲೋ. ಚಹಾದ ಕಾಗದದ ಕಪ್ಪಿನ ಒಳಗೆ ಪ್ಲಾಸ್ಟಿಕ್ ಪದರ ಇದೆ, ಅದು ಪೇಪರೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಇವುಗಳಿಗೆ ಮನೆಗೆ ತರದೇ ಇರುವುದೊಂದೇ ದಾರಿ.

ಅನುಮಾನದ ಕಾಕಾ, ಹುಬ್ಬಳ್ಳಿ

ಗುಟುಕು ನೀರಿನ ಚಹಾ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇದೆ, ಅದನ್ನು ಜಿಪುಣತನ ಎಂದುಕೊಂಡಿದ್ದೆ.

ಆದರೂ ಕೇಳುತ್ತೇನೆ. ಹಾಲಿನ ಪಾಕೀಟು, ಕರಟ ಎಲ್ಲ ನಾವು ಬಚ್ಚಲ ಒಲೆಗೆ ಹಾಕುತ್ತೇವೆ. ಹಂಡೆ ನೀರೂ ಕಾಯುತ್ತದೆ, ಕಸವೂ ಹೋಗುತ್ತದೆ. ಇದಕ್ಕಿಂತ ಸುಲಭ ಏನಿದೆ?

ಮೂರನೇ ಮಹಡಿ, ಹುಬ್ಬಳ್ಳಿ

ಕರಟ ಹಾಕಿ ಕಾಕಾ, ಪುಣ್ಯ ಬರಲಿ. ಪ್ಲಾಸ್ಟಿಕ್ ಮಾತ್ರ ಹಾಕಬೇಡಿ. ಸಣ್ಣ ಉರಿಯಲ್ಲಿ ಪ್ಲಾಸ್ಟಿಕ್ ಸರಿಯಾಗಿ ಸುಡುವುದಿಲ್ಲ. ಪಿವಿಸಿ ಜಾತಿಯದು ಒಂದು ಚೂರು ಸೇರಿದರೂ ಡಯಾಕ್ಸಿನ್ ಎಂಬ ವಿಷ ಬರುತ್ತದೆ. ಆ ಬೂದಿಯನ್ನು ಕರಿಬೇವಿಗೆ ಹಾಕುತ್ತೀರಿ ಅಲ್ವಾ? ಕಸವನ್ನು ಬಯಲಲ್ಲಿ ಸುಟ್ಟರೆ 5,000 ರೂಪಾಯಿ, ದೊಡ್ಡ ರಾಶಿ ಸುಟ್ಟರೆ 25,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ನಿಮ್ಮ ಬಚ್ಚಲಿಗೆ ಯಾರೂ ಬಂದು ನೋಡುವುದಿಲ್ಲ, ಆ ಮಾತು ಬೇರೆ.

ನನ್ನದೂ ಸ್ವಲ್ಪ ಹೇಳುತ್ತೇನೆ. ನಮಗೆ ಹಿತ್ತಲು ಇಲ್ಲ. ಬಾಲ್ಕನಿಯಲ್ಲಿ ಪೇಂಟಿನ 20 ಲೀಟರ್ ಡಬ್ಬಿ ಎರಡು. ಒಂದು ತುಂಬುವಾಗ ಇನ್ನೊಂದು ಮಾಗುತ್ತದೆ. ಮೊದಲು ಎಲ್ಲ ಮನೆ ಸೇರಿ ಕೆಳಗೆ ಒಂದು ಗುಂಡಿ ಮಾಡಿದ್ದೆವು. ಗುಂಡಿ ಎಲ್ಲರದು ಎಂದರೆ ಯಾರದೂ ಅಲ್ಲ. ಒಬ್ಬರು ಡೈಪರ್ ಹಾಕಿದರು, ಅಲ್ಲಿಗೆ ಮುಗಿಯಿತು.

ಡೈಪರ್ ವಿಷಯ ಬಂತಲ್ಲ, ಇನ್ನೊಂದು. ಪ್ಯಾಡು, ಡೈಪರ್ ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಿನಿಂದ ಒಂದು ಗುರುತು ಹಾಕಿ ಕೊಡಿ. ಕಳೆದ ವರ್ಷ ನಮ್ಮ ಕಸ ಒಯ್ಯುವ ಅಕ್ಕನ ಹೆಬ್ಬೆರಳಿಗೆ ಬ್ಲೇಡು ಹೊಕ್ಕಿತು. ಯಾರ ಮನೆಯದು ಅಂತ ಗೊತ್ತಾಗಲಿಲ್ಲ. ನಮ್ಮದೇ ಇದ್ದರೂ ಇರಬಹುದು, ಅದು ಈಗಲೂ ಚುಚ್ಚುತ್ತದೆ. ಆಗಿನಿಂದ ಬ್ಲೇಡು, ಒಡೆದ ಗಾಜು ಎರಡು ಹೋಳು ಕರಟದ ನಡುವೆ ಇಟ್ಟು ಸುತ್ತ ದಾರ ಬಿಗಿದು ಕೊಡುತ್ತೇನೆ. ಕಾಕಾ, ಎಲ್ಲ ಕರಟ ಸುಡಬೇಡಿ, ನಾಲ್ಕು ಉಳಿಸಿ. ಸೆಲ್ಲು, ಉರಿದು ಹೋದ ಸಿಎಫ್‌ಎಲ್ ಬಲ್ಬು ಬೇರೆ ಡಬ್ಬಿಯಲ್ಲಿ. ಆ ಬಲ್ಬಿನಲ್ಲಿ ಪಾದರಸ ಇರುತ್ತದೆ, ಒಡೆಯಬೇಡಿ.

ಕೌದಿ ಮೊಮ್ಮಗಳು, ಹಾವೇರಿ

ಎಲ್ಲರೂ ಅಡುಗೆಮನೆಯಲ್ಲೇ ಇದ್ದೀರಿ. ಅರಿವೆ ಕಸದ ಬಗ್ಗೆ ಯಾರೂ ಹೇಳಲಿಲ್ಲ.

ನಮ್ಮ ಅಮ್ಮನ ಅವ್ವ ಹೊಲಿದ ಕೌದಿ ಇನ್ನೂ ಹೊದೆಯುತ್ತೇವೆ. ಅದರಲ್ಲಿ ಅಜ್ಜನ ಧೋತರ ಇದೆ, ಮಾಮಾನ ಶಾಲೆಯ ಖಾಕಿ ಚಡ್ಡಿ ಇದೆ, ಅವ್ವಂದಿರ ಇಳಕಲ್ ಸೀರೆಯ ಅಂಚು ಇದೆ. ಒಳಗೆ ಮೂರು ಪದರ ಹಳೇ ಸೀರೆ. ಅಂಚಿನಿಂದ ಶುರು ಮಾಡಿ ಒಳಕ್ಕೆ ಒಳಕ್ಕೆ ಸುತ್ತಿ ಬರುವ ಟಾಕಿ. ನಾಲ್ಕು ಜನ ನಾಲ್ಕು ಕಡೆ ಕೂತು ಹೊಲಿಯುತ್ತಿದ್ದರು, ಮಾತು ಮುಗಿಯುವ ಹೊತ್ತಿಗೆ ಕೌದಿ ಮುಗಿಯುತ್ತಿತ್ತು.

ಈಗ ನಾನು ಹೊಲಿಯಲು ಕೂತರೆ ಗೊತ್ತಾಗುವುದು ಏನು? ಮನೆಯಲ್ಲಿ ಹಳೇ ಹತ್ತಿ ಅರಿವೆಯೇ ಇಲ್ಲ. ಎಲ್ಲ ಪಾಲಿಯೆಸ್ಟರ್. ಸೂಜಿ ಜಾರುತ್ತದೆ, ಹೊದ್ದರೆ ಬೆವರು. ಪಾತ್ರೆ ಕೊಟ್ಟು ಹಳೇ ಸೀರೆ ಒಯ್ಯುವ ಹೆಣ್ಣುಮಗಳೂ ಅದನ್ನು ಮೂಸಿ ನೋಡಿ ವಾಪಸ್ ಇಟ್ಟರು. "ಇದಕ ಚಮಚಾನೂ ಬರೂದಿಲ್ಲವ್ವ" ಎಂದರು. ಐದು ಸೀರೆಗೆ ಒಂದು ಚಮಚೆಯೂ ಇಲ್ಲ! ಆಗಿನಿಂದ ಅರಿವೆ ಕೊಳ್ಳುವಾಗ ಇದು ಕೌದಿಗೆ ಬರುತ್ತದಾ ಎಂದು ಕೇಳಿಕೊಳ್ಳುತ್ತೇನೆ. ಖರ್ಚು ಕಡಿಮೆ ಆಗಿದೆ.

ಬೆಟಗೇರಿ ಮಗ್ಗ, ಗದಗ

ಇಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳು ಚೀಟಿ ದುಡ್ಡಿನಲ್ಲಿ 200 ಸ್ಟೀಲ್ ತಾಟು, 200 ಲೋಟ ತಂದಿಟ್ಟಿದ್ದಾರೆ. ಸೀಮಂತ, ತೊಟ್ಟಿಲು, ತಿಥಿ, ಯಾವುದಕ್ಕೂ ಒಯ್ಯಬಹುದು. ಬಾಡಿಗೆ ಅಂತ ಇಲ್ಲ, ತೊಳೆಯುವವರಿಗೆ ಕೂಲಿ ಕೊಡಬೇಕು. ಲೋಟ ಕಳೆದರೆ ಲೋಟ. ಮೊದಲ ಮದುವೆಯಲ್ಲೇ 14 ಲೋಟ ಹೋದವು. ಈಗ ತಳದಲ್ಲಿ ಮೊಳೆಯಿಂದ ಗುರುತು ಕೆತ್ತಿಸಿದ್ದಾರೆ. ಇನ್ನೊಬ್ಬರ ಮನೆಗೆ ಚಹಾಕ್ಕೆ ಹೋದಾಗ ಲೋಟ ತಿರುಗಿಸಿ ನೋಡುವ ಚಟ ಹತ್ತಿದೆ ನಮಗೆ.

ಮುತ್ತಲ ಎಲೆಯ ಪತ್ರಾವಳಿ ಸಿಕ್ಕರೆ ಅದೂ ಒಳ್ಳೇದು. ಬೆಳ್ಳಿ ಬಣ್ಣ ಬಳಿದದ್ದು ಕೊಡುತ್ತಾರೆ, ಅದು ಪ್ಲಾಸ್ಟಿಕ್ಕೇ.

ಸಂಜಿ ಗಿರಮಿಟ್, ಹುಬ್ಬಳ್ಳಿ

ಫಿನಾಯಿಲ್ ಸಲಹೆ ವಾಪಸ್ ತಗೊಂಡೆ. ಕ್ಯಾರಿ ಬ್ಯಾಗ್ ಬಗ್ಗೆ ಯಾರಾದರೂ ಹೇಳಿ. ದುರ್ಗದಬೈಲಿನಲ್ಲಿ ಎರಡು ಕಟ್ಟು ಕೊತ್ತಂಬರಿ ಕೊಂಡರೂ ಒಂದು ಚೀಲ ಕೊಡುತ್ತಾರೆ. ಬೇಡ ಎಂದರೆ ಹಿಡಿದುಕೊಂಡು ನಿಂತಿರುತ್ತಾರೆ.

ರದ್ದಿ ಅಂಗಡಿ ಹುಡುಗ, ಹುಬ್ಬಳ್ಳಿ

ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧ ಆಗಿದೆ. ದೇಶದ ನಿಯಮದಲ್ಲಿ 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳ್ಳಗಿನದು ಇರಬಾರದು. ಕೊತ್ತಂಬರಿಗೆ ಕೊಡುವ ಚೀಲ ಊದಿದರೆ ಹಾರುತ್ತದೆ. ನಮಗೂ ಬೇಡ ಅದು. ಒಂದು ಕಿಲೋ ಆಗಬೇಕಾದರೆ ಎಷ್ಟು ನೂರು ಆರಿಸಬೇಕು, ಆ ಹೊತ್ತಿನಲ್ಲಿ ರಟ್ಟು ಆರಿಸಿದರೆ ಹೊಟ್ಟೆ ತುಂಬುತ್ತದೆ.

ಉಪಾಯ ಒಂದೇ. ಮಾಲು ತೂಗುವ ಮೊದಲೇ ಚೀಲದ ಬಾಯಿ ತೆರೆದು ಹಿಡಿಯಿರಿ. ತೂಗಿದ ಮೇಲೆ ಹೇಳಿದರೆ ತಡವಾಯಿತು, ಅವರ ಕೈ ತಾನೇ ಕವರಿಗೆ ಹೋಗುತ್ತದೆ. ನಮ್ಮವ್ವ ಗೋಣಿಚೀಲದೊಳಗೆ ನಾಲ್ಕು ಸಣ್ಣ ಅರಿವೆ ಚೀಲ ಇಟ್ಟುಕೊಂಡು ಸಂತೆಗೆ ಹೋಗುತ್ತಾಳೆ. ಹಸಿಮೆಣಸಿನಕಾಯಿಗೆ ಒಂದು, ಸೊಪ್ಪಿಗೆ ಒಂದು.

ಅನುಮಾನದ ಕಾಕಾ, ಹುಬ್ಬಳ್ಳಿ

ಮೂಲಿಮನಿಯವರು ಎಲ್ಲಿ? ಅಮಾವಾಸ್ಯೆ ಆಗಿ ವಾರ ಆಯಿತು. ಡ್ರಮ್ಮು ಉಳಿಯಿತೋ, ಅತ್ತೆ ಗೆದ್ದರೋ?

ಮೂಲಿಮನಿ, ಧಾರವಾಡ

ಇದ್ದೇನೆ ಕಾಕಾ. ಕೆಲಸ ಜಾಸ್ತಿ ಆಗಿತ್ತು.

ಎರಿಹೊಲ ಅಣ್ಣ ಹೇಳಿದ ದಿನವೇ ಸುರಿದೆ. ತಾಡಪತ್ರಿ ಹಾಸಿ, ಮೂಗಿಗೆ ಟವೆಲ್ ಕಟ್ಟಿಕೊಂಡು. ಎರೆ ಮಣ್ಣಿನ ಹೆಂಟೆಗಳು ಬೂಂದಿ ಉಂಡಿಯಷ್ಟು ದೊಡ್ಡವು ಸಿಕ್ಕವು. ಒಡೆದರೆ ಒಳಗೆ ಈರುಳ್ಳಿ ಸಿಪ್ಪೆ ಹಾಕಿದ ದಿನದ ಹಾಗೇ ಗುಲಾಬಿ ಬಣ್ಣದಲ್ಲಿ ಇತ್ತು! ಕೊಳೆತೇ ಇರಲಿಲ್ಲ. ಪಕ್ಕದ ಕಿರಾಣಿ ಅಂಗಡಿಯಿಂದ ತತ್ತಿ ಟ್ರೇ 30 ತಂದು ಮಕ್ಕಳಿಗೆ ಹರಿಯಲು ಕೊಟ್ಟೆ. ಹರಿಯುವ ಕೆಲಸ ಎಂದರೆ ಮಕ್ಕಳು ಕೈ ತೊಳೆದು ಬಂದು ಕೂರುತ್ತಾರೆ. ಹುಳಿ ಮಜ್ಜಿಗೆ ಚಿಮುಕಿಸಿ ತುಂಬಿದೆ. ಮೇಲೆ ಹಳೇ ತಗಡು ಇಟ್ಟು ಮಳೆ ನೀರು ಬೀಳದ ಹಾಗೆ ಮಾಡಿದೆ.

ನಾಲ್ಕನೇ ದಿನ ವಾಸನೆ ಅರ್ಧ ಕಡಿಮೆ. ಎಂಟನೇ ದಿನ ಕೈ ಹಾಕಿದರೆ ಒಳಗೆ ಬಿಸಿ. ಅಷ್ಟು ಬಿಸಿ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಜ್ವರ ಬಂದ ಮಗುವಿನ ಹೊಟ್ಟೆ ಮುಟ್ಟಿದ ಹಾಗೆ. ಅತ್ತೆಯನ್ನು ಕರೆದು ಮುಟ್ಟಿಸಿದೆ. ಅವರು ಒಂದು ನಿಮಿಷ ಕೈ ಇಟ್ಟುಕೊಂಡೇ ನಿಂತರು. "ತಿಪ್ಪಿ ಕುದ್ಯಾಕ ಹತ್ತೈತಿ" ಎಂದರು. ಅಷ್ಟೇ. ಮರುದಿನ ಬೆಳಗ್ಗೆ ನೋಡಿದರೆ ಪಕ್ಕದ ಮನೆಯ ಛಾವಣಿ ಕೆಳಗೆ ಒಣಗಿ ಬಿದ್ದಿದ್ದ ಮಾವಿನ ಎಲೆ ಒಂದು ಬುಟ್ಟಿ ತಂದಿಟ್ಟಿದ್ದಾರೆ. ಈಗ ಅನ್ನ ಉಳಿಸಿದರೆ ನನಗೆ ಬೈಗಳು, ಡ್ರಮ್ಮಿಗೆ ಅನ್ನ ಜಾಸ್ತಿ ಆಗುತ್ತದೆ ಅಂತ. ಹಾಗಾಗಿ ಅನ್ನವೇ ಕಡಿಮೆ ಮಾಡುತ್ತಿದ್ದೇವೆ.

ಒಣ ಕಸ ಈಗ ನಾರುವುದಿಲ್ಲವಲ್ಲ, ದಿನಾ ಕೊಡುವ ಅವಸರವೂ ಇಲ್ಲ. ಹಾಲಿನ ಪಾಕೀಟು, ರಟ್ಟು, ಬಾಟ್ಲಿ ಗೋಣಿಚೀಲದಲ್ಲಿ ಕೂಡಿಟ್ಟು ತಿಂಗಳಿಗೊಮ್ಮೆ ರದ್ದಿಯವರಿಗೆ. ಉಳಿದ ಬಿಸ್ಕತ್ತಿನ ಹಾಳೆ ಅಂಥವು ಒಂದು ಸಣ್ಣ ಚೀಲ, ಅದು ವಾರಕ್ಕೊಮ್ಮೆ ಗಾಡಿಗೆ. ಮೊನ್ನೆ ಅದನ್ನು ಕೊಡಲು ಹೋದಾಗ ಗಾಡಿಯ ತಮ್ಮ ಕೇಳಿದ, "ಊರಿಗೆ ಹೋಗಿದ್ರೇನ್ರಿ ಅಕ್ಕಾರ? ನಿಮ್ಮನಿ ಕಸಾನ ಬರವಲ್ದು." ಕರೆದುಕೊಂಡು ಹೋಗಿ ಡ್ರಮ್ಮು ತೋರಿಸಿದೆ. ಬಗ್ಗಿ ಮೂಸಿ ನೋಡಿದ. ಅವನ ಹಳ್ಳಿಯಲ್ಲಿ ಇದನ್ನು ಟ್ರ್ಯಾಕ್ಟರ್ ಲೆಕ್ಕದಲ್ಲಿ ಮಾರುತ್ತಾರಂತೆ.

ಎರಿಹೊಲ, ಅಣ್ಣಿಗೇರಿ ಕಡೆ

ಒಳ್ಳೇದಾಯಿತು. ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕುತ್ತಿರಿ. ತುಂಬಿದ ಮೇಲೆ ಎರಡು ತಿಂಗಳು ಬಿಡಿ, ಅವಸರ ಮಾಡಿ ಗಿಡಕ್ಕೆ ಹಾಕಬೇಡಿ, ಅರೆ ಕೊಳೆತದ್ದು ಬೇರು ಸುಡುತ್ತದೆ. ಇರುವೆ ಬಂದರೆ ಒಣಗಿದೆ ಎಂದು ತಿಳಿಯಿರಿ, ಒಂದು ತಂಬಿಗೆ ನೀರು ಚಿಮುಕಿಸಿ. ಬಿಳಿ ಬೂಷ್ಟು ಕಂಡರೆ ಹೆದರಬೇಡಿ, ಅದು ಒಳ್ಳೇದೇ. ಟೊಮೆಟೊ ಸಸಿ ಏಳುತ್ತವೆ, ಕೀಳಬೇಡಿ.

ಆ ಎರೆ ಹೆಂಟೆಗಳನ್ನು ಬಿಸಾಡಬೇಡಿ ಮತ್ತೆ. ಬರುವ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಬೇಕಾಗುತ್ತವೆ.

ಅನುಮಾನದ ಕಾಕಾ, ಹುಬ್ಬಳ್ಳಿ

ನನಗೆ ಇದರಲ್ಲಿ ಇನ್ನೂ ನಂಬಿಕೆ ಬಂದಿಲ್ಲ. ಸುಮ್ನೆ ಕೇಳುತ್ತೇನೆ. ಡ್ರಮ್ಮಿಗೆ ತೂತು ಕಬ್ಬಿಣದ ಸಳಿ ಕಾಯಿಸಿ ಹೊಡೆದದ್ದೋ, ಡ್ರಿಲ್ಲಿನಿಂದಲೋ? ಒಂದೊಂದು ಎಷ್ಟು ದಪ್ಪ ಇರಬೇಕು?

ಮೂಲಿಮನಿ, ಧಾರವಾಡ

ಡ್ರಿಲ್ಲಿನಿಂದ ಕಾಕಾ. ಸಳಿ ಕಾಯಿಸಿದರೆ ಪ್ಲಾಸ್ಟಿಕ್ ಹೊಗೆ. ಕಿರುಬೆರಳು ಹೋಗದಷ್ಟು ಸಣ್ಣದು ಇರಲಿ, ಇಲ್ಲ ಅಂದರೆ ಇಲಿ ಬರುತ್ತದೆ. ತಳಕ್ಕೂ ಐದಾರು ಹೊಡೆಸಿ.